ಬೇಸಗೆಯ ಬಯಲಿನ ಹಕ್ಕಿಗಳು

ಪಾವಗಡ ತಾಲ್ಲೂಕಿನಲ್ಲಿ ಕ್ಯಾತಗಾನಚೆರ್ಲು ಎಂಬ ಊರೊಂದಿದೆ. ತೆಲುಗಿನಲ್ಲಿ ಚೆರುವು ಎಂದರೆ ಕೆರೆ. ಚೆರ್ಲು ಅದರ ಬಹುವಚನ ರೂಪ. ಅದರ ನೆರೆಯ ಇನ್ನೊಂದು ಊರು ರಾಯಚೆರ್ಲು. ಆಂಧ್ರದ ನೆಲ ಸುತ್ತುವರಿದಿರುವ ಈ ತಾಲ್ಲೂಕಿನಲ್ಲಿ ಅನೇಕರಿಗೆ ಮನೆಮಾತು ತೆಲುಗು, ಓದುಬರಹ ಕನ್ನಡ. ಮಳೆ ಕಡಮೆ, ಬಿಸಿಲು ಹೆಚ್ಚು. ನೀರಿನ ಕೊರತೆಗೆ ಹೆಸರಾದ ಸೀಮೆಯಲ್ಲಿ ಊರಿನ ಹೆಸರೇ ಕೆರೆಯನ್ನು ನೆನೆಯುತ್ತಿರುವುದು ಮೊದಲ ಸಲ ಹೋದವರಿಗೆ ವಿಚಿತ್ರವೆನಿಸುತ್ತದೆ. ಆದರೆ ಸ್ಥಳನಾಮಗಳ ಸ್ವಭಾವವೇ ಹಾಗೆ: ಜನ ಮರೆತದ್ದನ್ನು ಅವು ಬಹುಕಾಲ ಇಟ್ಟುಕೊಂಡಿರುತ್ತವೆ. ಹಕ್ಕಿಗಳ ಹೆಸರುಗಳೂ ಹಾಗೆಯೇ. ಹೆಸರು ಇಟ್ಟುಕೊಂಡಿರುವ ಈ ನೆನಪನ್ನು ಕುರಿತೇ ನನ್ನ ಇಂದಿನ ಮಾತು.

ಸುಮಾರು ನಲವತ್ತು ವರ್ಷಗಳ ಹಿಂದೆ ನಾನು ತರುಣ ಅಧ್ಯಾಪಕನಾಗಿದ್ದಾಗ ನಿಡುಗಲ್ಲು ದುರ್ಗವನ್ನು ನೋಡಬೇಕೆಂದು ಆ ಕಡೆಗೆ ಹೋಗಿದ್ದೆ. ಆ ಭಾಗದ ವಿದ್ಯಾರ್ಥಿಯೊಬ್ಬ ತನ್ನ ಮನೆಯಲ್ಲಿ ಇಳಿಸಿಕೊಂಡಿದ್ದ. ಯುಗಾದಿ ಕಳೆದಿತ್ತು, ಅಶ್ವಿನಿ ಮಳೆ ಒಂದು ಹದ ಬಿದ್ದಿತ್ತು. ಬೆಳಗ್ಗೆ ಅವನ ತಂದೆಯೊಡನೆ ಕಡಲೆಕಾಯಿ ಹೊಲದ ಕಡೆಗೆ ನಡೆದೆವು. ಆರಂಭ ನಡೆಯುತ್ತಿದ್ದ ಹೊಲದ ನಡುವೆ ಒಂದು ಮಾರಿನಷ್ಟಗಲದ ನೆಲ ಮಾತ್ರ ಉಳದೆ ಉಳಿದಿತ್ತು. ನೇಗಿಲ ಸಾಲುಗಳು ಅಲ್ಲಿಗೆ ಬಂದು, ಬಳಸಿ, ಮತ್ತೆ ನೇರವಾಗಿ ಮುಂದಕ್ಕೆ ಹೋಗಿದ್ದವು. ಏಕೆಂದು ನೋಡಲು ನಾನು ಮುಂದೆ ಹೆಜ್ಜೆ ಇಟ್ಟೆ. “ಮೇಷ್ಟ್ರೇ, ಕಾಲು ನೋಡಿಕೊಂಡು ಇಡಿ” ಎಂದರು ಅವರು. ಬಗ್ಗಿ ನೋಡಿದರೆ ಬರಿಯ ನೆಲದ ಮೇಲೆ, ಬೆಣಚುಕಲ್ಲುಗಳ ನಡುವೆ, ಕಲ್ಲಿನದೇ ಬಣ್ಣದ ನಾಲ್ಕು ಮೊಟ್ಟೆ. ಆಗಸದಲ್ಲಿ ತಾಯಿಹಕ್ಕಿ ನಮ್ಮ ತಲೆಯ ಮೇಲೆಯೇ ಕೂಗಿ ಸುತ್ತುತ್ತಿತ್ತು.

ಅದು ಟಿಟ್ಟಿಭ. ಅದನ್ನು ನಾನು ಪಂಚತಂತ್ರದಲ್ಲಿ ಓದಿದ್ದೆ, ತರಗತಿಯಲ್ಲಿ ಅದರ ಕಥೆ ಹೇಳಿದ್ದೆ, ನೋಡಿರಲಿಲ್ಲ. ಹೊಲದಿಂದ ಮನೆಗೆ ಮರಳುವ ದಾರಿಯಲ್ಲಿ ಆ ಹಿರಿಯರು ಕಂಡ ಕಂಡ ಹಕ್ಕಿಗೆಲ್ಲ ಒಂದೊಂದು ಹೆಸರು ಹೇಳಿದರು. ಕೆಲವು ತೆಲುಗು, ಕೆಲವು ಕನ್ನಡ, ಕೆಲವು ಎರಡೂ ಬೆರೆತವು. ಇಪ್ಪತ್ತಕ್ಕೆ ಕಡಮೆಯಿರಲಿಲ್ಲ. ನನ್ನ ಕೈಯಲ್ಲಿ ಟಿಪ್ಪಣಿ ಪುಸ್ತಕವಿತ್ತು; ಅದು ಶಾಸನಗಳಿಗೆಂದು ಇಟ್ಟುಕೊಂಡದ್ದು. ಹಕ್ಕಿಯ ಹೆಸರುಗಳಲ್ಲಿ ಒಂದನ್ನೂ ನಾನು ಬರೆದುಕೊಳ್ಳಲಿಲ್ಲ. ಸಾಹಿತ್ಯದ ವಿದ್ಯಾರ್ಥಿಯಾಗಿ ನಾನು ಮಾಡಿದ ತಪ್ಪುಗಳಲ್ಲಿ ಇದು ಚಿಕ್ಕದೆಂದು ಬಹಳ ಕಾಲ ತಿಳಿದಿದ್ದೆ. ಈಗ ಹಾಗೆ ತೋರುವುದಿಲ್ಲ.

ನಮ್ಮ ಕಾವ್ಯಪರಂಪರೆಯಲ್ಲಿ ಹಕ್ಕಿಗಳಿಗೇನೂ ಬರವಿಲ್ಲ. ಬನವಾಸಿಯ ನಂದನದಲ್ಲಿ ಕೋಗಿಲೆಯಾಗಿಯಾದರೂ ಹುಟ್ಟಬೇಕೆಂದು ಪಂಪ ಹಾರೈಸಿದ. ಚಾತಕ, ಚಕೋರ, ಹಂಸ, ಚಕ್ರವಾಕಗಳಿಲ್ಲದೆ ಅಷ್ಟಾದಶ ವರ್ಣನೆಗಳು ಪೂರ್ಣವಾಗುವುದಿಲ್ಲ. ಆದರೆ ಚಕೋರವೆಂದು ಗುರುತಿಸುವ ಹಕ್ಕಿ ಹಿಮಾಲಯ ಮತ್ತು ವಾಯವ್ಯದ ಬೆಟ್ಟಗಳದು. ನಮ್ಮ ಕವಿಗಳಲ್ಲಿ ಬಹುಮಂದಿ ಅದನ್ನು ಕಂಡಿರಲಾರರು. ಚಾತಕದ ಮಾತು ಬೇರೆ. ಉತ್ತರ ಭಾರತಕ್ಕೆ ಅದು ಮುಂಗಾರಿನೊಡನೆ ಆಫ್ರಿಕದಿಂದ ಬರುವ ಅತಿಥಿ. ದಕ್ಷಿಣದಲ್ಲಿ ವರ್ಷವಿಡೀ ನೆಲೆಸುವ ಚಾತಕಗಳೂ ಉಂಟು. ಕೋಗಿಲೆಯನ್ನು ಸಂಸ್ಕೃತದಲ್ಲಿ ಪರಭೃತವೆಂದರು: ಇತರರಿಂದ ಪೋಷಿತವಾದದ್ದು. ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವ ಅದರ ಗುಟ್ಟನ್ನು ಯಾರೋ ಒಬ್ಬರು ಬೇಸಗೆಯ ಬೆಳಗುಗಳಲ್ಲಿ ಕಾದು ಕುಳಿತು ನೋಡಿರಲೇಬೇಕು. ಅನಂತರವೇ ಅದು ನಿಘಂಟಿಗೆ ಬಂದದ್ದು. ಪಂಚತಂತ್ರದ ಟಿಟ್ಟಿಭವೂ ಅಷ್ಟೆ. ಕಡಲ ದಡದಲ್ಲಿ ಬರಿಯ ನೆಲದ ಮೇಲೆ ಅದು ಮೊಟ್ಟೆಯಿಟ್ಟಿತೆಂದು ಕಥೆ ಹೇಳುತ್ತದೆ. ಮರದ ಮೇಲೆ ಗೂಡು ಕಟ್ಟಿತೆಂದು ಹೇಳಿದ್ದರೂ ಕಥೆ ಕೆಡುತ್ತಿರಲಿಲ್ಲ. ಆದರೆ ಹೇಳಿದವನಿಗೆ ಹಕ್ಕಿ ಗೊತ್ತಿತ್ತು. ನೋಡಿದವರ ಅರಿವು ಹೀಗೆ ಮಾತಿನಲ್ಲಿ ಉಳಿಯಿತು. ಓದಿದ ನಾವು ಮಾತನ್ನು ಹಿಡಿದು, ನೋಡುವುದನ್ನು ಬಿಟ್ಟೆವು.

ಅರಸರ ಆಸ್ಥಾನಗಳಲ್ಲಿಯೂ ಹಕ್ಕಿಯ ಅರಿವು ಇತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಡೇಗೆಯ ಬೇಟೆ, ಕೋಳಿ ಮತ್ತು ಲಾವುಗೆಗಳ ಕಾಳಗ, ಪಾರಿವಾಳದ ಆಟಗಳು ವಿನೋದಗಳಾಗಿ ನಿರೂಪಿತವಾಗಿವೆ. ಹಿಡಿಯುವುದಕ್ಕೂ ಪಳಗಿಸುವುದಕ್ಕೂ ಬೇಕಾದ ಅರಿವು ಅದು. ಮೊಗಲ ದೊರೆ ಜಹಾಂಗೀರನದು ಇನ್ನೊಂದು ಬಗೆ. ತಾನು ಸಾಕಿದ ಸಾರಸ ಜೋಡಿಗೆ ಲೈಲಾ, ಮಜ್ನೂ ಎಂದು ಹೆಸರಿಟ್ಟು, ಅವು ಕೂಡಿದ್ದು, ಮೊಟ್ಟೆಯಿಟ್ಟದ್ದು, ಸರದಿಯಂತೆ ಕಾವು ಕೊಟ್ಟದ್ದು, ಎಲ್ಲವನ್ನೂ ತನ್ನ ದಿನಚರಿಯಲ್ಲಿ ಬರೆದಿಟ್ಟ. ಮುಂದೆ 1687ರಲ್ಲಿ ಮೊಗಲರ ಸುಭಾ ಒಂದು ನಮ್ಮ ಸಿರಾದಲ್ಲಿಯೇ ನೆಲೆಗೊಂಡಿತು. ಕೋಟೆ, ಮಸೀದಿ, ತೋಟಗಳು ಬಂದವು. ಹಕ್ಕಿಯನ್ನು ನೋಡಿ ದಿನಚರಿ ಬರೆಯುವ ಆ ಅಭ್ಯಾಸ ಮಾತ್ರ ಸಿರಾಕ್ಕೆ ಬಂದ ಕುರುಹಿಲ್ಲ.

ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಮಧುಗಿರಿ, ಸಿರಾಗಳ ಮೂಲಕ ಹಾದುಹೋದ. ಮಣ್ಣು, ಬೆಳೆ, ಕಬ್ಬಿಣದ ಕುಲುಮೆ, ಜಾತಿಪದ್ಧತಿ, ಕಂದಾಯ ಇವು ಅವನ ಮುಖ್ಯ ವಿಷಯಗಳು. ಹಕ್ಕಿಗಳಿಗಾಗಿಯೇ ದುಡಿದ ಮೊದಲಿಗರಲ್ಲಿ ಮುಖ್ಯನಾದವನು ಮದರಾಸು ಸೈನ್ಯದ ವೈದ್ಯ ಥಾಮಸ್ ಜರ್ಡನ್. ಭಾರತದ ಹಕ್ಕಿಗಳನ್ನು ಕುರಿತ ಅವನ ಗ್ರಂಥ 1862ರಿಂದ 1864ರವರೆಗೆ ಪ್ರಕಟವಾಯಿತು. ನಂದಿಬೆಟ್ಟ, ದೇವರಾಯನದುರ್ಗಗಳಂಥ ಬಂಡೆಗುಡ್ಡಗಳಲ್ಲಿ ಇಂದಿಗೂ ಕಾಣುವ ಹಳದಿ ಕೊರಳಿನ ಪಿಕಳಾರವನ್ನು ವಿದ್ವತ್‌ಲೋಕಕ್ಕೆ ಮೊದಲು ಪರಿಚಯಿಸಿದವನೂ ಅವನೇ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟರೆ ಜಗತ್ತಿನ ಬೇರಾವ ಕಡೆಯೂ ಈ ಹಕ್ಕಿ ಇಲ್ಲ. ಅನಂತರ 1939–40ರಲ್ಲಿ ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ರಂಗನತಿಟ್ಟು ಪಕ್ಷಿಧಾಮವಾದದ್ದು 1940ರಲ್ಲಿ, ಅವರ ಒತ್ತಾಸೆಯಿಂದ.

ಈ ಚರಿತ್ರೆಯಲ್ಲಿ ಒಂದು ಓರೆ ಇರುವುದನ್ನು ಗಮನಿಸಬೇಕು. ಹಕ್ಕಿ ನೋಡುವವರು ಸಹಜವಾಗಿ ನೀರಿನ ಕಡೆಗೆ, ಕಾಡಿನ ಕಡೆಗೆ ಹೋದರು. ಬಹುಮಟ್ಟಿಗೆ ಚಳಿಗಾಲದಲ್ಲಿ ಹೋದರು. ಹೊರನಾಡುಗಳಿಂದ ಬರುವ ಬಾತುಗಳೂ ಉಲ್ಲಂಕಿಗಳೂ ಕೆರೆಗಳಲ್ಲಿ ತುಂಬಿರುವ ಕಾಲ ಅದು. 1987ರಿಂದ ಏಷ್ಯದಾದ್ಯಂತ ನಡೆದುಬಂದಿರುವ ನೀರಹಕ್ಕಿಗಳ ಗಣತಿಯೂ ಜನವರಿಯಲ್ಲಿಯೇ. ಇದರಲ್ಲಿ ತಪ್ಪೇನಿಲ್ಲ. ಆದರೆ ಒಣ ಬಯಲಿನ ಹಕ್ಕಿಗಳ ಬಾಳಿನ ಮುಖ್ಯ ಅಧ್ಯಾಯ ನಡೆಯುವುದು ಕಣ್ಣು ಬಿಡಲಾಗದ ಬಿಸಿಲಿನಲ್ಲಿ, ಫಾಲ್ಗುಣದಿಂದ ವೈಶಾಖದವರೆಗೆ. ಆಗ ಅವುಗಳನ್ನು ನೋಡುವವರು ಹೊಲದ ರೈತರು, ಕುರಿಗಾಹಿಗಳು, ಹಕ್ಕಿ ಹಿಡಿಯುವವರು. ಇವರಾರೂ ಬರೆಯುವವರಲ್ಲ.

ಬರೆಯದವರ ಅರಿವಿಗೆ ಎಷ್ಟು ಬೆಲೆಯೆಂಬುದನ್ನು ಪಾವಗಡಕ್ಕೆ ಅಂಟಿಕೊಂಡ ಸೀಮೆಯೇ ಒಮ್ಮೆ ತೋರಿಸಿಕೊಟ್ಟಿತು. ಜರ್ಡನ್ನನ ಹೆಸರನ್ನೇ ಹೊತ್ತ ನೆಲದ ಹಕ್ಕಿಯೊಂದಿದೆ. ಕುರುಚಲು ಪೊದೆಗಳ ನಡುವೆ ಇರುಳಲ್ಲಿ ಓಡಾಡುವಂಥದು. 1900ರಲ್ಲಿ ಅನಂತಪುರದ ಬಳಿ ಕಂಡದ್ದೇ ಕೊನೆ. ಅನಂತರ ಎಂಬತ್ತೈದು ವರ್ಷ ಅದು ಯಾರಿಗೂ ಕಾಣಲಿಲ್ಲ. ಅಳಿದುಹೋಯಿತೆಂದೇ ಪಂಡಿತರು ಬಗೆದಿದ್ದರು. 1986ರ ಜನವರಿಯಲ್ಲಿ, ಮುಂಬಯಿಯ ಪ್ರಕೃತಿ ಚರಿತ್ರೆಯ ಸಂಘದ ಭರತ್ ಭೂಷಣ್ ಅವರು ಕಡಪ ಜಿಲ್ಲೆಯ ಲಂಕಮಲೆಯ ತಪ್ಪಲಿನಲ್ಲಿ ಅದನ್ನು ಮತ್ತೆ ಪತ್ತೆ ಮಾಡಿದರು. ಜೀವಂತ ಹಕ್ಕಿಯನ್ನು ಹಿಡಿದು ತಂದವನು ಆ ಭಾಗದ ಒಬ್ಬ ಬೇಟೆಗಾರ. ಅಲ್ಲಿಯ ಜನಕ್ಕೆ ಅದು ಕಲಿವಿಕೋಡಿ, ಎಂದರೆ ಕಲಿವಿ ಪೊದೆಯ ಕೋಳಿ. ಲೋಕವೆಲ್ಲ ಕಳೆದುಹೋಯಿತೆಂದು ತಿಳಿದಿದ್ದ ಹಕ್ಕಿಯ ವಿಳಾಸ ಅದರ ತೆಲುಗು ಹೆಸರಿನೊಳಗೇ ಇತ್ತು. ಓದಬಲ್ಲವರು ಇರಲಿಲ್ಲ, ಅಷ್ಟೆ.

ಕೊಕ್ಕರೆ ಬೆಳ್ಳೂರಿನ ಕಥೆಯೂ ಇಂಥದೇ. ಹಳ್ಳಿಯ ನಡುವೆಯೇ ಮರಗಳಲ್ಲಿ ಹೆಜ್ಜಾರ್ಲೆಗಳು ತಲೆತಲಾಂತರದಿಂದ ಗೂಡು ಕಟ್ಟುವ ಒಂದು ಊರನ್ನು ಕರ್ನಾಟಿಕ್ ಪ್ರಾಂತದಲ್ಲಿ ಕಂಡುದಾಗಿ ಜರ್ಡನ್ ಬರೆದಿದ್ದ. ಮದ್ದೂರು ತಾಲ್ಲೂಕಿನ ಬೆಳ್ಳೂರಿನಲ್ಲಿ ಅಂಥದೇ ನೆಲೆಯಿರುವುದನ್ನು ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ವಿದ್ವತ್‌ಲೋಕಕ್ಕೆ ತಿಳಿಸಿದ್ದು 1976ರ ಸುಮಾರಿಗೆ. ನಮ್ಮ ಸಿರಾ ತಾಲ್ಲೂಕಿನ ಕಗ್ಗಲಡು ಇನ್ನೂ ಈಚಿನದು. ಆ ಊರಿನ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳೂ ಬೂದುಬಕಗಳೂ ಸಂಸಾರ ಹೂಡುವುದನ್ನು ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್‌ನ ಆಸಕ್ತರು 1999ರಲ್ಲಿ ಹೊರಲೋಕದ ಗಮನಕ್ಕೆ ತಂದರು. ಇವೆಲ್ಲವನ್ನೂ ‘ಶೋಧ’ವೆಂದು ಕರೆಯುವುದು ವಾಡಿಕೆ. ತಲೆಯ ಮೇಲೆ ಮೀನಿನ ತುಂಡು ಬೀಳಿಸಿಕೊಂಡು, ಮರಿಗಳ ಗದ್ದಲದಲ್ಲಿ ನಿದ್ದೆಗೆಟ್ಟು, ಆದರೂ ಕಲ್ಲೆಸೆಯದೆ ಬಾಳಿದ ಊರಿನವರಿಗೆ ಅದು ಶೋಧವಲ್ಲ, ನೆರೆಹೊರೆ. ಶೋಧವಾದದ್ದು ನಮಗೆ, ಪಟ್ಟಣದವರಿಗೆ.

ಕಗ್ಗಲಡುವಿಗೆ ಹೋಗಬೇಕಾದರೆ ಬೇಸಗೆಯ ಆರಂಭದಲ್ಲಿಯೇ ಹೋಗಬೇಕು. ಶಿವರಾತ್ರಿಯ ಹೊತ್ತಿಗೆ ಕೊಕ್ಕರೆಗಳು ಮರಗಳ ಮೇಲೆ ನೆಲೆನಿಂತಿರುತ್ತವೆ. ಯುಗಾದಿಯ ಆಚೆ ಈಚೆ ಮರಿಗಳ ಬಾಯಿಗೆ ಮೀನು ತಂದುಹಾಕುವ ಓಡಾಟ. ನಡುಹಗಲಲ್ಲಿ ತಾಯಿಯೋ ತಂದೆಯೋ ರೆಕ್ಕೆಗಳನ್ನು ಅರ್ಧ ತೆರೆದು ಬಿಸಿಲಿಗೆ ಬೆನ್ನು ಕೊಟ್ಟು ನಿಂತು ಮರಿಗಳಿಗೆ ನೆರಳು ಮಾಡುವುದನ್ನು ಕಾಣಬಹುದು. ಆಗಸ್ಟ್ ಹೊತ್ತಿಗೆ ಮರಗಳು ಬರಿದಾಗುತ್ತವೆ.

ಆದರೆ ಕೊಕ್ಕರೆ ದೊಡ್ಡ ಹಕ್ಕಿ, ಮರದ ಮೇಲಿರುವಂಥದು, ಕಾಣಿಸಿಕೊಳ್ಳದೆ ಇರಲಾರದು. ಬಯಲಿನ ಹಕ್ಕಿಯ ಕಲೆಯೆಲ್ಲ ಕಾಣಿಸದಿರುವುದರಲ್ಲಿದೆ. ಚೈತ್ರದ ಬೆಳಗ್ಗೆ ಪಾವಗಡದ ಕಡೆಯ ಹೊಲದ ಬದುವಿನಲ್ಲಿ ಅರ್ಧ ತಾಸು ಸುಮ್ಮನೆ ಕುಳಿತರೆ ಒಂದೊಂದಾಗಿ ಅವು ಹೊರಡುತ್ತವೆ. ಹೆಂಟೆಯ ಬಣ್ಣದ ನೆಲಗುಬ್ಬಿ ನೆಟ್ಟಗೆ ಮೇಲೇರಿ, ಸಿಳ್ಳು ಹಾಕುತ್ತಾ ಕಲ್ಲಿನಂತೆ ಕೆಳಗೆ ಬೀಳುತ್ತದೆ. ತಂತಿಯ ಮೇಲೆ ಮಂಕಾಗಿ ಕುಳಿತ ನೀಲಕಂಠ ಸಂಗಾತಿಯ ಕಣ್ಣೆದುರು ಆಗಸದಲ್ಲಿ ಉರುಳಿ ಪಲ್ಟಿ ಹೊಡೆಯುವುದು ಈ ತಿಂಗಳುಗಳಲ್ಲಿಯೇ. ಚಳಿಗಾಲವನ್ನು ನಮ್ಮ ಜೋಳದ ಹೊಲಗಳಲ್ಲಿ ಕಳೆದ ಗುಲಾಬಿ ಕಬ್ಬಕ್ಕಿಗಳು ಮುತ್ತುಗದ ಹೂವಿನ ಮಕರಂದ ಕುಡಿದು, ಹಿಂಡು ಕಟ್ಟಿ, ಏಪ್ರಿಲ್ ಹೊತ್ತಿಗೆ ಮಧ್ಯ ಏಷ್ಯದ ಕಡೆಗೆ ಹೊರಟು ನಿಲ್ಲುತ್ತವೆ. ಊರಿನ ಬೇವು ಹುಣಸೆಗಳಲ್ಲಿ ಕಂಚುಕುಟಿಗ ಹೊತ್ತೇರುವವರೆಗೂ ಒಂದೇ ತಾಳದಲ್ಲಿ ಬಡಿಯುತ್ತಿರುತ್ತದೆ.

ಇವೆಲ್ಲಕ್ಕಿಂತ ಆಶ್ಚರ್ಯಕರವಾದದ್ದು ಬಿಸಿಲನ್ನು ಅವು ಎದುರಿಸುವ ರೀತಿ. ಟಿಟ್ಟಿಭ ನೀರಿಗೆ ಹೋಗಿ ಎದೆಯ ಗರಿಗಳನ್ನು ನೆನೆಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುತ್ತದೆ. ಕಾವು ಕೊಡುವುದಕ್ಕಲ್ಲ, ತಂಪು ಕೊಡುವುದಕ್ಕೆ. ಇಂಗ್ಲಿಷಿನವರು ಸ್ಯಾಂಡ್‌ಗ್ರೌಸ್ ಎಂದು ಕರೆಯುವ, ಪಾರಿವಾಳದ ಗಾತ್ರದ ಬಯಲಹಕ್ಕಿಯ ಜಾತಿಯಲ್ಲಿ ಗಂಡು ತನ್ನ ಹೊಟ್ಟೆಯ ಗರಿಗಳಲ್ಲಿ ನೀರು ಹೀರಿಕೊಂಡು ಮೈಲಿಗಟ್ಟಲೆ ಹಾರಿ ಮರಿಗಳಿಗೆ ಕುಡಿಸುತ್ತದೆ. ಇಂಗ್ಲೆಂಡಿನ ಮೀಡ್-ವಾಲ್ಡೋ ಎಂಬಾತ ತಾನು ಸಾಕಿದ ಹಕ್ಕಿಗಳಲ್ಲಿ ಇದನ್ನು ಕಂಡು 1896ರಲ್ಲಿ ಬರೆದಾಗ ಅನೇಕರು ನಂಬಲಿಲ್ಲ. ಆಫ್ರಿಕದ ಕಲಹಾರಿಯಲ್ಲಿ ನಡೆದ ಅಧ್ಯಯನ 1967ರಲ್ಲಿ ಪ್ರಕಟವಾದ ಮೇಲೆಯೇ ಸಂಶಯ ಕಳೆಯಿತು. ಕಣ್ಣಾರೆ ಕಂಡ ಮಾತು ಒಪ್ಪಿತವಾಗಲು ಎಪ್ಪತ್ತೊಂದು ವರ್ಷ ಹಿಡಿಯಿತು.

ಈಗ ಕ್ಯಾತಗಾನಚೆರ್ಲುವಿಗೆ ಮರಳೋಣ. ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು ಈ ಐದು ಗ್ರಾಮಗಳ ಸುಮಾರು 13,000 ಎಕರೆ ನೆಲದಲ್ಲಿ ಇಂದು ಸೌರವಿದ್ಯುತ್ ಫಲಕಗಳು ಹಬ್ಬಿವೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಗಿ 2019ರ ಕೊನೆಗೆ ಪೂರ್ಣಗೊಂಡ ಈ ‘ಶಕ್ತಿಸ್ಥಳ’ದ ಸಾಮರ್ಥ್ಯ 2,050 ಮೆಗಾವಾಟ್. ನೆಲವನ್ನು ರೈತರಿಂದ ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಆರಂಭದ ದರ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಮಳೆಯನ್ನು ನಂಬಿ ಕಡಲೆಕಾಯಿ ಬಿತ್ತಿ, ಬಿತ್ತನೆಯ ಬೀಜದ ಸಾಲವೂ ತೀರದೆ ಬೆಂಗಳೂರಿಗೆ ಗುಳೆ ಹೋದ ಮನೆಗಳಿಗೆ ಇದು ಎಷ್ಟರಮಟ್ಟಿಗೆ ಆಸರೆಯಾಯಿತೆಂಬುದನ್ನು ನೆರಳಲ್ಲಿ ಕುಳಿತು ಪಾಠ ಹೇಳಿದ ನಾನು ಕಡೆಗಣಿಸಲಾರೆ. ಕಲ್ಲಿದ್ದಲ ಹೊಗೆಗಿಂತ ಬಿಸಿಲಿನ ವಿದ್ಯುತ್ತು ಮೇಲೆಂಬುದರಲ್ಲಿಯೂ ಸಂಶಯವಿಲ್ಲ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಆ ನೆಲವನ್ನು ಕುರಿತು ಮಾತನಾಡಿದವರೆಲ್ಲ ಬೀಳು, ಬರಡು, ಬಂಜರು ಎಂಬ ಮಾತುಗಳನ್ನೇ ಬಳಸಿದರು. ಆ ಮಾತುಗಳ ಅರ್ಥ, ಅಲ್ಲಿ ಏನೂ ಇರಲಿಲ್ಲ ಎಂದು. ಏನೂ ಇರಲಿಲ್ಲವೆಂದು ನಾವು ಹೇಳಬಲ್ಲೆವೆ? ಹಕ್ಕಿಗಳ ಮಟ್ಟಿಗಂತೂ, ಇದ್ದದ್ದನ್ನು ಹೆಸರು ಹಿಡಿದು ಹೇಳಬಲ್ಲವರು ಇದ್ದರು. ಅವರು ಹೇಳುತ್ತಿದ್ದಾಗ ಪುಸ್ತಕ ಕೈಯಲ್ಲಿ ಹಿಡಿದು ನಾನು ಪಕ್ಕದಲ್ಲಿಯೇ ನಡೆಯುತ್ತಿದ್ದೆ.

ಇದು ಒಂದು ತಾಲ್ಲೂಕಿನ ಮಾತಲ್ಲ. ಮೂವತ್ತು ಸಾವಿರ ಹಕ್ಕಿವೀಕ್ಷಕರ ದಾಖಲೆಗಳನ್ನು ಕೂಡಿಸಿ 942 ಜಾತಿಗಳನ್ನು ಪರಿಶೀಲಿಸಿದ ದೇಶದ ಪಕ್ಷಿಸ್ಥಿತಿ ವರದಿ 2023ರಲ್ಲಿ ಪ್ರಕಟವಾಯಿತು. ಹುಲ್ಲುಗಾವಲು, ಕುರುಚಲು, ಬಯಲು ಮುಂತಾದ ತೆರೆದ ನೆಲದ ಹಕ್ಕಿಗಳು ತೀವ್ರವಾಗಿ ಕುಗ್ಗುತ್ತಿವೆ ಎಂಬುದು ಅದರ ಮುಖ್ಯ ಎಚ್ಚರಿಕೆಗಳಲ್ಲೊಂದು. ಅಪಾಯದ ದೃಷ್ಟಿಯಿಂದ ಮರುಪರಿಶೀಲನೆಗೆ ಅದು ಸೂಚಿಸಿದ ಜಾತಿಗಳಲ್ಲಿ ನೀಲಕಂಠವೂ ಇದೆ. ನೀಲಕಂಠ ನಮ್ಮ ರಾಜ್ಯಪಕ್ಷಿ. ವಿಜಯದಶಮಿಯಂದು ಅದರ ದರ್ಶನ ಶುಭವೆಂದು ಹಿರಿಯರು ನಂಬಿದ್ದರು. ಬಯಲಿನ ಹಕ್ಕಿಗಳ ಅರಸನೆನ್ನಬಹುದಾದ ಎರೆಭೂತ ಇಡೀ ದೇಶದಲ್ಲಿ ನೂರೈವತ್ತಕ್ಕಿಂತ ಕಡಮೆ ಉಳಿದಿದೆ. ನಮ್ಮ ರಾಜ್ಯದಲ್ಲಿ ಸಿರುಗುಪ್ಪದ ಕಡೆ ಮಾತ್ರ ಬೆರಳೆಣಿಕೆಯಷ್ಟು. ಅದನ್ನು ವಿದ್ಯುತ್ ತಂತಿಗಳಿಂದ ಕಾಪಾಡುವ ಸಲುವಾಗಿ ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ಆದೇಶ ಮಾಡಿ, 2024ರಲ್ಲಿ ಅದನ್ನು ಮಾರ್ಪಡಿಸಿ ತಜ್ಞರ ಸಮಿತಿಗೆ ಒಪ್ಪಿಸಿತು. ಬಿಸಿಲಿನ ವಿದ್ಯುತ್ತೂ ಬಯಲಿನ ಹಕ್ಕಿಯೂ ಒಂದೇ ನೆಲವನ್ನು ಕೇಳುತ್ತಿವೆ. ನ್ಯಾಯಾಧೀಶರಿಗೂ ಸುಲಭವಲ್ಲದ ವ್ಯಾಜ್ಯ ಇದು.

ತೀರ್ಪು ಏನೇ ಆಗಲಿ, ಸಾಕ್ಷ್ಯ ಬೇಕು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಳಿ 798 ಎಕರೆ ಹುಲ್ಲುಗಾವಲು ಕೃಷ್ಣಮೃಗಗಳ ಹೆಸರಿನಲ್ಲಿ, ಜಯಮಂಗಲಿ ಸಂರಕ್ಷಣಾ ಪ್ರದೇಶವೆಂದು, 2007ರಲ್ಲಿ ಘೋಷಿತವಾಯಿತು. ಅಲ್ಲಿ ಬದುಕಿರುವುದು ಜಿಂಕೆಯಷ್ಟೇ ಅಲ್ಲ. ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳಿಗೂ ಅದು ಆಸರೆ. ಆ ನೆಲವನ್ನು ನೋಡಿದವರು, ಎಣಿಸಿದವರು, ಹೇಳಿದವರು ಇದ್ದರು. ಆದುದರಿಂದ ಅದು ಉಳಿಯಿತು. ಎಣಿಸದ ನೆಲಕ್ಕೆ ವಕಾಲತ್ತು ವಹಿಸುವವರಿರುವುದಿಲ್ಲ.

ಕಳೆದ ಸಲ ಆ ಕಡೆಗೆ ಹೋದಾಗಲೂ ಚೈತ್ರವೇ. ಆ ಹಿರಿಯರು ತೀರಿಕೊಂಡು ಬಹಳ ವರ್ಷಗಳಾಗಿವೆ. ನನ್ನ ಶಿಷ್ಯನ ತಲೆಯೂ ನರೆತಿದೆ. ಹೊಲವನ್ನು ಗುತ್ತಿಗೆಗೆ ಕೊಟ್ಟಿದ್ದಾನೆ, ಮಗಳನ್ನು ಆ ಹಣದಲ್ಲಿ ಓದಿಸಿದ್ದಾನೆ. ಬೇಲಿಯ ಹೊರಗೆ ನಿಂತು ನೋಡಿದೆವು. ಕಡಲಿನ ಹಾಗೆ ನೀಲಿ, ದಿಗಂತದವರೆಗೆ. ನೇಗಿಲು ಬಳಸಿ ಹೋಗಿದ್ದ ಆ ತುಣುಕು ನೆಲ ಎಲ್ಲಿತ್ತೆಂದು ಅವನಿಗೂ ಗುರುತು ಸಿಗಲಿಲ್ಲ. ಪಂಚತಂತ್ರದ ಕಥೆಯಲ್ಲಿ ಕಡಲು ಟಿಟ್ಟಿಭದ ಮೊಟ್ಟೆಗಳನ್ನು ಒಯ್ದಾಗ ಹಕ್ಕಿಗಳೆಲ್ಲ ಸೇರಿ ಗರುಡನಿಗೆ ಮೊರೆಯಿಟ್ಟು, ವಿಷ್ಣುವಿನ ಭಯಕ್ಕೆ ಕಡಲು ಅವನ್ನು ಹಿಂದಿರುಗಿಸುತ್ತದೆ. ಅಂಥದೇನೂ ಅಲ್ಲಿ ನಡೆಯಲಿಲ್ಲ. ಆದರೆ ಬೇಲಿಗೂ ರಸ್ತೆಗೂ ನಡುವಿನ ಕಲ್ಲುನೆಲದಿಂದ ಹಕ್ಕಿಯೊಂದು ಎದ್ದು ನಮ್ಮ ತಲೆಯ ಮೇಲೆ ಕೂಗುತ್ತಾ ಸುತ್ತತೊಡಗಿತು. ಎಲ್ಲೋ ಹತ್ತಿರದಲ್ಲಿಯೇ ಮೊಟ್ಟೆಗಳಿರಬೇಕು. ಇಬ್ಬರೂ ಕಾಲು ನೋಡಿಕೊಂಡು ಹಿಂದಕ್ಕೆ ಸರಿದೆವು.

“ನಿಮ್ಮ ತಂದೆ ಇದಕ್ಕೆ ಏನೆನ್ನುತ್ತಿದ್ದರು?” ಎಂದು ಕೇಳಿದೆ. ಅವನು ಬಹಳ ಹೊತ್ತು ಯೋಚಿಸಿದ. “ನಾಲಗೆಯ ತುದಿಯಲ್ಲಿದೆ ಸಾರ್” ಎಂದ.

ಪಾವಗಡ, ಮಧುಗಿರಿ, ಸಿರಾ, ಕೊರಟಗೆರೆಗಳ ಹಳ್ಳಿಗಳಲ್ಲಿ ಆ ಹೆಸರುಗಳು ನಾಲಗೆಯ ಮೇಲೆಯೇ ಇರುವ ಅಜ್ಜಂದಿರೂ ಅಜ್ಜಿಯರೂ ಇನ್ನೂ ಇದ್ದಾರೆ. ಈ ಮಾತನ್ನು ಕೇಳುತ್ತಿರುವ ತರುಣರಲ್ಲಿ ಯಾರಾದರೂ ಈ ಬೇಸಗೆಯ ರಜೆಯಲ್ಲಿ ಊರಿಗೆ ಹೋಗುವವರಿದ್ದರೆ, ಒಂದು ಬೆಳಗ್ಗೆ ಅವರೊಡನೆ ಹೊಲದ ಕಡೆಗೆ ನಡೆಯಿರಿ. ಜೇಬಿನಲ್ಲಿ ಒಂದು ಪುಸ್ತಕ, ಒಂದು ಪೆನ್ಸಿಲು ಇರಲಿ. ಅವರು ಹೇಳಿದ್ದನ್ನು ಅವರು ಹೇಳಿದ ಹಾಗೆಯೇ, ತೆಲುಗಾದರೆ ತೆಲುಗು, ಕನ್ನಡವಾದರೆ ಕನ್ನಡ, ದಿನಾಂಕದೊಡನೆ ಬರೆದುಕೊಳ್ಳಿರಿ. ನಾನು ಬರೆದುಕೊಳ್ಳಲಿಲ್ಲ.